ಪತ್ರಿಕೆಯ ಬೆಲೆ ತೆರುವವರು ಯಾರು?



ಪ್ರತಿದಿನ ಬೆಳಿಗ್ಗೆ ನಿಮ್ಮ ಮನೆಯ ಜಗಲಿಗೆ ಬಂದು ಬೀಳುವ ದಿನಪತ್ರಿಕೆಗೆ ನೀವು ಕೊಡುವ ಹಣವು ಅದರ ಕಾಗದ, ಶಾಯಿ, ಅಚ್ಚು, ಸಾಗಾಟ, ವರದಿಗಾರರ ಸಂಬಳ ಇವೆಲ್ಲವುಗಳ ವೆಚ್ಚಕ್ಕೆ ಸಾಲದು. ತಿಂಗಳ ಕೊನೆಯಲ್ಲಿ ಹಳೆಯ ಪತ್ರಿಕೆಗಳನ್ನು ಗುಜರಿಯವನಿಗೆ ತೂಕಕ್ಕೆ ಕೊಟ್ಟಾಗ ನೀವು ಕೊಟ್ಟದ್ದರಲ್ಲಿಯೂ ಒಂದು ಪಾಲು ಹಿಂದಿರುಗಿ ಬರುತ್ತದೆ. ಹಾಗಾದರೆ ಉಳಿದ ಹಣವನ್ನು ಕೊಡುವವರು ಯಾರು? ಯಾತಕ್ಕಾಗಿ ಕೊಡುತ್ತಾರೆ? ಕೊಟ್ಟ ಹಣಕ್ಕೆ ಪ್ರತಿಯಾಗಿ ಅವರು ಏನನ್ನು ಪಡೆಯುತ್ತಾರೆ? ಮನೆಗೆ ತರುವ ಮೀನಿನ ಕಿವಿರನ್ನು ಎತ್ತಿ ನೋಡಿ ಅದು ತಾಜಾ ಹೌದೋ ಅಲ್ಲವೋ ಎಂದು ಪರೀಕ್ಷಿಸುವ ನಾವು, ಮನಸ್ಸಿನೊಳಗೆ ಬಿಟ್ಟುಕೊಳ್ಳುವ ಸುದ್ದಿಯನ್ನು ಅಷ್ಟೇ ಜಾಗರೂಕತೆಯಿಂದ ಪರೀಕ್ಷಿಸುತ್ತೇವೆಯೇ?

ಮಾಧ್ಯಮಗಳ ಕುರಿತು ನಮ್ಮಲ್ಲಿ ನಡೆಯುವ ಟೀಕೆ ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಮುಗಿದುಹೋಗುತ್ತದೆ. ನಮಗೆ ಹಿತವಾದುದನ್ನು ಬರೆದರೆ ಪತ್ರಿಕೆ ಒಳ್ಳೆಯದು, ಅಹಿತವಾದುದನ್ನು ಬರೆದರೆ ಮಾರಿಕೊಂಡದ್ದು. ಇದು ವಿಮರ್ಶೆಯಲ್ಲ, ಕೇವಲ ಮುನಿಸು. ಮಾಧ್ಯಮ, ಹಿತಾಸಕ್ತಿ ಗುಂಪುಗಳು ಮತ್ತು ರಾಜಕಾರಣ ಈ ಮೂರರ ನಡುವಿನ ಸಂಬಂಧ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಮ್ಮದೇ ಊರಿನ ಉದಾಹರಣೆಗಳ ಮೂಲಕ ನೋಡುವುದು ಈ ಲೇಖನದ ಉದ್ದೇಶ.

ಹಿತಾಸಕ್ತಿ ಗುಂಪು ಎಂದರೆ ಯಾರು?

ಒಂದು ಸಮಾನ ಲಾಭವನ್ನೋ ಉದ್ದೇಶವನ್ನೋ ಕಾಪಾಡಿಕೊಳ್ಳಲು ಒಟ್ಟುಗೂಡಿ, ತಾವು ಚುನಾವಣೆಗೆ ನಿಲ್ಲದೆ, ಅಧಿಕಾರದಲ್ಲಿರುವವರ ಮೇಲೆ ಒತ್ತಡ ತರುವವರನ್ನು ರಾಜ್ಯಶಾಸ್ತ್ರವು ಹಿತಾಸಕ್ತಿ ಗುಂಪು ಎಂದು ಕರೆಯುತ್ತದೆ. ಈ ವಿಷಯದಲ್ಲಿ ಹೆಚ್ಚು ಚರ್ಚೆ ನಡೆದಿರುವುದು ಅಮೆರಿಕದಲ್ಲಿ. ಆ ದೇಶದ ಸಂವಿಧಾನ ಇನ್ನೂ ಅಂಗೀಕಾರವಾಗಬೇಕಾಗಿದ್ದ 1787ರಲ್ಲಿಯೇ ಜೇಮ್ಸ್ ಮ್ಯಾಡಿಸನ್ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ಸ್ವಾತಂತ್ರ್ಯ ಇರುವಲ್ಲಿ ಗುಂಪುಗಳು ಹುಟ್ಟಿಯೇ ತೀರುತ್ತವೆ, ಅವುಗಳನ್ನು ಅಳಿಸಲು ಹೊರಟರೆ ಸ್ವಾತಂತ್ರ್ಯವನ್ನೇ ಅಳಿಸಬೇಕಾಗುತ್ತದೆ, ಆದುದರಿಂದ ಅವುಗಳ ದುಷ್ಪರಿಣಾಮವನ್ನು ಹತೋಟಿಯಲ್ಲಿಡುವುದೇ ಜಾಣತನ ಎಂಬುದು ಅವರ ವಾದದ ಸಾರಾಂಶ. ಇಂದು ಅಲ್ಲಿ ಕಾನೂನು ರಚಿಸುವವರ ಬಳಿ ಹಣ ಪಡೆದು ವಕಾಲತ್ತು ನಡೆಸುವುದು ಒಂದು ದೊಡ್ಡ ವೃತ್ತಿ. ಅಲ್ಲಿನ ಕೆಥೋಲಿಕ್ ಧರ್ಮಾಧ್ಯಕ್ಷರ ಮಂಡಳಿಯೂ ತನ್ನ ನಿಲುವುಗಳನ್ನು ಶಾಸಕರ ಮುಂದೆ ಇಡುತ್ತದೆ. ಆದರೆ 1995ರ ಒಂದು ಕಾನೂನಿನ ಪ್ರಕಾರ, ಹಣ ಪಡೆದು ಇಂತಹ ವಕಾಲತ್ತು ಮಾಡುವವರು ನೋಂದಣಿ ಮಾಡಿಸಿಕೊಂಡು, ಯಾರ ಪರವಾಗಿ, ಎಷ್ಟು ಹಣಕ್ಕೆ, ಯಾವ ವಿಷಯದಲ್ಲಿ ಕೆಲಸ ಮಾಡುತ್ತಿದ್ದೇವೆಂದು ತಿಳಿಸಬೇಕಾಗುತ್ತದೆ. ನಮ್ಮ ದೇಶದಲ್ಲಿ ಇಂತಹ ಕಾನೂನು ಇಲ್ಲ. ನಮ್ಮಲ್ಲಿಯೂ ಗುಂಪುಗಳಿವೆ, ಆದರೆ ಅವುಗಳ ಲೆಕ್ಕದ ಪುಸ್ತಕ ಜನರ ಮುಂದೆ ತೆರೆದಿಲ್ಲ.

ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಅಡಿಕೆ ಬೆಳೆಗಾರರು ಒಂದು ಹಿತಾಸಕ್ತಿ ಗುಂಪು. ಬೆಲೆ ಕುಸಿದು ಕಂಗೆಟ್ಟಿದ್ದ ಬೆಳೆಗಾರರ ರಕ್ಷಣೆಗಾಗಿ 1973ರಲ್ಲಿ ಮಂಗಳೂರನ್ನು ಕೇಂದ್ರವಾಗಿಸಿಕೊಂಡು ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಹುಟ್ಟಿತು. ಸಾವಿರಾರು ಕುಟುಂಬಗಳಿಗೆ ಅದು ಬೆನ್ನೆಲುಬಾದುದನ್ನು ಯಾರೂ ಅಲ್ಲಗಳೆಯಲಾರರು. ಅದೇ ವೇಳೆಗೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿದುದೂ ಸತ್ಯ. ಅಡಿಕೆಯ ಮಾತು ಬಂದಾಗ ಕರಾವಳಿ ಮತ್ತು ಮಲೆನಾಡಿನ ಶಾಸಕರು ಪಕ್ಷಭೇದ ಮರೆತು ಒಂದೇ ಧ್ವನಿಯಲ್ಲಿ ಮಾತನಾಡುತ್ತಾರೆ. ಸ್ಥಳೀಯ ಪುಟಗಳಲ್ಲಿ ಅಡಿಕೆ ಧಾರಣೆಗೆ ಖಾಯಂ ಸ್ಥಾನವಿದೆ, ಬಾಯಿಯ ಕ್ಯಾನ್ಸರಿಗೆ ಅಂತಹ ಖಾಯಂ ಸ್ಥಾನವಿಲ್ಲ. ಇದರಲ್ಲಿ ಯಾರೂ ಯಾರಿಗೂ ಲಂಚ ಕೊಡಬೇಕಾದ ಅಗತ್ಯವೇ ಬರುವುದಿಲ್ಲ. ಓದುಗರೂ ಬೆಳೆಗಾರರೇ, ಜಾಹೀರಾತುದಾರರೂ ಅವರ ಗಿರಾಕಿಗಳೇ, ಶಾಸಕರಿಗೂ ಅವರದೇ ಮತ. ಹಿತಾಸಕ್ತಿಯು ಗಾಳಿಯಂತೆ ಸಹಜವಾಗಿ ಎಲ್ಲ ಕಡೆ ವ್ಯಾಪಿಸಿಕೊಂಡಿರುತ್ತದೆ.

ನಾವೂ ಈ ಮಾತಿಗೆ ಹೊರತಲ್ಲ. ಶಿಕ್ಷಣ ಸಂಸ್ಥೆಗಳನ್ನು ನಡೆಸುವವರು ಈ ರಾಜ್ಯದ ಪ್ರಬಲ ಗುಂಪುಗಳಲ್ಲಿ ಒಂದು, ಮತ್ತು ಧರ್ಮಸಭೆ ಅದರೊಳಗಿದೆ. 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಖಾಸಗಿ ಮತ್ತು ಅಲ್ಪಸಂಖ್ಯಾತ ಸಂಸ್ಥೆಗಳ ಹಕ್ಕುಗಳ ಬಗ್ಗೆ ತೀರ್ಪು ನೀಡಿದಾಗ, ಮತ್ತು 2014ರಲ್ಲಿ ಅದೇ ನ್ಯಾಯಾಲಯವು ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದು ಹೇಳಿದಾಗ, ಅವನ್ನು ನಾವು ನ್ಯಾಯದ ಜಯವೆಂದು ಓದಿದೆವು. ಸಂವಿಧಾನ ಕೊಟ್ಟ ಹಕ್ಕನ್ನು ಕಾಪಾಡಿಕೊಳ್ಳುವುದು ತಪ್ಪಲ್ಲ. ಆದರೆ ಶಾಲೆಯ ಬಾಗಿಲಲ್ಲಿ ನಿಂತ ಬಡ ಮಗುವಿನ ಕಡೆಯಿಂದ ಅದೇ ಸುದ್ದಿಯನ್ನು ಹೇಗೆ ಬರೆಯಬಹುದಿತ್ತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕು. ಇತರರ ಹಿತಾಸಕ್ತಿಯನ್ನು ಅಳೆಯುವ ಕೋಲಿನಿಂದಲೇ ನಮ್ಮದನ್ನೂ ಅಳೆಯದಿದ್ದರೆ ನಮ್ಮ ವಿಮರ್ಶೆಗೆ ಬೆಲೆ ಬಾರದು.

ಒಡೆತನದ ಪ್ರಶ್ನೆ

ಕನ್ನಡ ಪತ್ರಿಕೋದ್ಯಮ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದರು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಇಂದಿಗೂ ಜುಲೈ 1ನ್ನು ನಾಡಿನಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಈ ಮೊದಲ ಪತ್ರಿಕೆಯ ಹಿಂದೆಯೂ ಒಂದು ಸಂಸ್ಥೆಯ ಹಣವಿತ್ತು, ಒಂದು ಉದ್ದೇಶವಿತ್ತು. ಆದರೆ ಅದು ಬಚ್ಚಿಟ್ಟ ಉದ್ದೇಶವಾಗಿರಲಿಲ್ಲ. ಪತ್ರಿಕೆ ಯಾರದು ಎಂಬುದು ಅದನ್ನು ಕೈಗೆತ್ತಿಕೊಂಡವನಿಗೆ ತಿಳಿದಿತ್ತು.

ಹಣ ಎಲ್ಲಿಂದ ಬಂತು ಎನ್ನುವುದಷ್ಟರಿಂದಲೇ ಪತ್ರಿಕೆಯೊಂದರ ಯೋಗ್ಯತೆಯನ್ನು ನಿರ್ಣಯಿಸಲಾಗದು. 1948ರಲ್ಲಿ ಬೆಂಗಳೂರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ ಮತ್ತು ‘ಪ್ರಜಾವಾಣಿ’ ಪತ್ರಿಕೆಗಳನ್ನು ಸ್ಥಾಪಿಸಿದ ಕೆ.ಎನ್. ಗುರುಸ್ವಾಮಿ ಅವರು ಅಬಕಾರಿ ವ್ಯಾಪಾರದಲ್ಲಿದ್ದವರು. ಆ ಪತ್ರಿಕೆಗಳು ಸಂಪಾದಕರ ಪತ್ರಿಕೆಗಳಾಗಿ ಬೆಳೆದು ನಾಡಿನ ಗೌರವ ಗಳಿಸಿದವು. ಒಡೆಯನ ಅಂಗಡಿಗೂ ಸಂಪಾದಕನ ಮೇಜಿಗೂ ನಡುವೆ ಒಂದು ಗೋಡೆ ಇದ್ದರೆ ಓದುಗನಿಗೆ ರಕ್ಷಣೆ ಇದೆ. ಆ ಗೋಡೆ ಕುಸಿದ ದಿನ ಓದುಗನಿಗೆ ಯಾರೂ ಹೇಳಿ ಕಳುಹಿಸುವುದಿಲ್ಲ.

ಓದುಗರೇ ಒಡೆಯರಾದರೆ ಹೇಗೆ? ಈ ಪ್ರಯೋಗವನ್ನೂ ಮಂಗಳೂರು ಕಂಡಿದೆ. ‘ಪ್ರಜಾವಾಣಿ’ಯಲ್ಲಿ ಹೆಸರು ಮಾಡಿದ್ದ ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಇಲ್ಲಿ ‘ಮುಂಗಾರು’ ದಿನಪತ್ರಿಕೆಯನ್ನು ಆರಂಭಿಸಿದರು. ಒಬ್ಬ ಧನಿಕನ ಬಂಡವಾಳದ ಬದಲು ಸಾಮಾನ್ಯ ಓದುಗರು ಕೊಂಡ ಷೇರುಗಳಿಂದ ಪತ್ರಿಕೆ ನಡೆಯಬೇಕು ಎಂಬುದು ಅವರ ಕನಸು. ಹಿಂದುಳಿದವರ, ದಲಿತರ, ಕೂಲಿಯವರ ಸುದ್ದಿಗೆ ಅಲ್ಲಿ ಜಾಗ ದೊರೆಯಿತು. ದಿನೇಶ್ ಅಮೀನ್ ಮಟ್ಟು ಅವರಂತಹ ಪತ್ರಕರ್ತರು ಅಲ್ಲಿ ಪಳಗಿ ಬಂದರು. ಆದರೆ ಒಂದು ದಶಕದ ಆಸುಪಾಸಿನಲ್ಲಿ ಪತ್ರಿಕೆ ನಿಂತುಹೋಯಿತು. ಸಣ್ಣ ಷೇರುದಾರರ ಉತ್ಸಾಹ ಮೊದಲ ಬಂಡವಾಳವನ್ನು ಒದಗಿಸಬಲ್ಲುದು, ಪ್ರತಿದಿನದ ನಷ್ಟವನ್ನು ತುಂಬಿಕೊಡಲಾರದು. ಜಾಹೀರಾತುದಾರರಿಗೆ ಬೇಕಾಗಿರುವುದು ಕೊಳ್ಳುವ ಶಕ್ತಿಯುಳ್ಳ ಓದುಗರು. ಕೂಲಿಯವರ ಸುದ್ದಿಯನ್ನು ಬರೆಯುವ ಪತ್ರಿಕೆಗೆ ಚಿನ್ನದಂಗಡಿಯ ಜಾಹೀರಾತು ತಾನಾಗಿ ಹುಡುಕಿಕೊಂಡು ಬರುವುದಿಲ್ಲ. ‘ಮುಂಗಾರು’ ನಿಂತದ್ದಕ್ಕೆ ಒಳಗಿನ ಕಾರಣಗಳು ಬೇರೆ ಇದ್ದಿರಬಹುದು. ಆದರೂ ನಮಗೆ ಉಳಿಯುವ ಪಾಠ ಸ್ಪಷ್ಟವಾಗಿದೆ: ಸ್ವತಂತ್ರ ಪತ್ರಿಕೆ ಬೇಕೆಂದು ಬಯಸುವ ಓದುಗರು ಅದರ ನಿಜವಾದ ಬೆಲೆಯನ್ನು ಕೊಡಲು ಸಿದ್ಧರಿರಬೇಕು.

ಮುಂದೆ ದೂರದರ್ಶನದ ಖಾಸಗಿ ವಾಹಿನಿಗಳ ಕಾಲ ಬಂದಾಗ ರಾಜಕಾರಣವೇ ಒಡೆಯನ ಕುರ್ಚಿಯಲ್ಲಿ ಕುಳಿತುಕೊಂಡಿತು. ಎಚ್.ಡಿ. ಕುಮಾರಸ್ವಾಮಿ ಅವರ ಕುಟುಂಬ ‘ಕಸ್ತೂರಿ’ ವಾಹಿನಿಯನ್ನು ನಡೆಸಿತು. ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರ ಕೈಯಲ್ಲಿ ‘ಸುವರ್ಣ ನ್ಯೂಸ್’ ಇತ್ತು. ಸತೀಶ ಜಾರಕಿಹೊಳಿ ಅವರು ‘ಸಮಯ’ದ ಒಡೆಯರಾಗಿದ್ದರು. ಬಳ್ಳಾರಿಯ ಗಣಿ ರಾಜಕಾರಣದ ಬಳಗವು ‘ಜನಶ್ರೀ’ಯನ್ನು ತಂದಿತು. ಪಕ್ಷಗಳು ಬೇರೆಬೇರೆ, ದಾರಿ ಒಂದೇ. ಲೋಕಾಯುಕ್ತರಾಗಿದ್ದ, ನಮ್ಮ ಕರಾವಳಿಯವರೇ ಆದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯ ವರದಿಯನ್ನು ಸಲ್ಲಿಸಿ, ಅದರ ಬೆನ್ನಿಗೇ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಗಿ ಬಂದ ಆ ದಿನಗಳಲ್ಲಿ, ಒಂದೇ ಸುದ್ದಿ ಒಂದೊಂದು ವಾಹಿನಿಯಲ್ಲಿ ಒಂದೊಂದು ತೂಕ ಪಡೆದುದನ್ನು ವೀಕ್ಷಕರು ಕಾಣಬಹುದಾಗಿತ್ತು. ತಕ್ಕಡಿ ಯಾರ ಕೈಯಲ್ಲಿದೆ ಎಂದು ತಿಳಿದವರಿಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಹಣಕ್ಕೆ ಬಂದ ಸುದ್ದಿ

ಜಾಹೀರಾತು ಜಾಹೀರಾತಿನ ವೇಷದಲ್ಲಿಯೇ ಬಂದರೆ ಓದುಗ ಮೋಸಹೋಗುವುದಿಲ್ಲ. ಅದು ಸುದ್ದಿಯ ವೇಷ ಹಾಕಿಕೊಂಡು ಬಂದಾಗ ಅದನ್ನು ‘ಕಾಸಿಗಾಗಿ ಸುದ್ದಿ’ ಎನ್ನುತ್ತಾರೆ. 2009ರ ಲೋಕಸಭಾ ಚುನಾವಣೆಯ ಸಂದರ್ಭದಲ್ಲಿ ದೇಶದ ಹಲವೆಡೆ ಅಭ್ಯರ್ಥಿಗಳಿಂದ ಹಣ ಪಡೆದು ಅವರ ಗುಣಗಾನವನ್ನು ವರದಿಗಳಂತೆ ಪ್ರಕಟಿಸಲಾಯಿತು ಎಂಬ ದೂರುಗಳು ಬಂದವು. ಪಿ. ಸಾಯಿನಾಥ್ ಅವರು ಮಹಾರಾಷ್ಟ್ರದ ಪತ್ರಿಕೆಗಳನ್ನು ಇಟ್ಟುಕೊಂಡು ಇದನ್ನು ಬಯಲಿಗೆಳೆದರು. ಭಾರತೀಯ ಪತ್ರಿಕಾ ಮಂಡಳಿ ಇಬ್ಬರು ಸದಸ್ಯರ ಉಪಸಮಿತಿಯಿಂದ ತನಿಖೆ ಮಾಡಿಸಿತು. ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಅವರು ಪತ್ರಿಕೆಗಳ ಹೆಸರು ಸಹಿತ ವರದಿ ಕೊಟ್ಟರು. ಆದರೆ 2010ರಲ್ಲಿ ಮಂಡಳಿ ಹೊರತಂದದ್ದು ಹೆಸರುಗಳನ್ನು ಕೈಬಿಟ್ಟ ಸಂಕ್ಷಿಪ್ತ ರೂಪವನ್ನು. ಪೂರ್ಣ ವರದಿ ಬೆಳಕಿಗೆ ಬರಲು 2011ರಲ್ಲಿ ಕೇಂದ್ರ ಮಾಹಿತಿ ಆಯೋಗದ ಆದೇಶವೇ ಬೇಕಾಯಿತು. ಎಲ್ಲರ ಗುಟ್ಟನ್ನು ರಟ್ಟು ಮಾಡುವ ವೃತ್ತಿ ತನ್ನ ಮನೆಯ ಗುಟ್ಟಿನ ವಿಷಯದಲ್ಲಿ ಎಷ್ಟು ಸಂಕೋಚ ಪಟ್ಟಿತು ನೋಡಿ!

ಅದೇ ವರ್ಷ ಚುನಾವಣಾ ಆಯೋಗವು ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಇಂತಹ ಸುದ್ದಿಯ ವೆಚ್ಚವನ್ನು ಲೆಕ್ಕದಲ್ಲಿ ತೋರಿಸದ ಕಾರಣಕ್ಕಾಗಿ ಮೂರು ವರ್ಷ ಅನರ್ಹಗೊಳಿಸಿತು. ಈಗ ಚುನಾವಣೆ ಬಂದಾಗ ನಮ್ಮ ಜಿಲ್ಲಾಧಿಕಾರಿ ಕಚೇರಿಯಲ್ಲಿಯೂ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಕೆಲಸ ಮಾಡುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಸಮಿತಿ ಹಿಡಿಯಬಲ್ಲುದು ಅಚ್ಚಾದುದನ್ನು ಮಾತ್ರ. ಹಣ ಪಡೆದು ಅಚ್ಚು ಮಾಡದೆ ಬಿಟ್ಟ ಸುದ್ದಿಯನ್ನು, ಜಾಹೀರಾತು ಕೈತಪ್ಪೀತೆಂಬ ಭಯದಿಂದ ಕಸದ ಬುಟ್ಟಿಗೆ ಹೋದ ವರದಿಯನ್ನು ಯಾವ ಸಮಿತಿಯೂ ಹಿಡಿಯಲಾರದು. ನನ್ನ ದೃಷ್ಟಿಯಲ್ಲಿ ಕೊಂಡ ಸುದ್ದಿಗಿಂತಲೂ ಕೊಂಡ ಮೌನ ಹೆಚ್ಚು ಅಪಾಯಕಾರಿ.

ಬೀಡಿಯ ಕಟ್ಟಿನ ಮೇಲಿನ ಚಿತ್ರ

ಹಿತಾಸಕ್ತಿ ಗುಂಪು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹಂತಹಂತವಾಗಿ ನೋಡಬೇಕಿದ್ದರೆ ಬೀಡಿ, ಸಿಗರೇಟು ಕಟ್ಟುಗಳ ಮೇಲಿನ ಎಚ್ಚರಿಕೆ ಚಿತ್ರದ ಕಥೆಯನ್ನು ನೋಡಬಹುದು. ನಮ್ಮ ಜಿಲ್ಲೆಯ ಅದೆಷ್ಟೋ ಮನೆಗಳಲ್ಲಿ ತಾಯಂದಿರು ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಆದುದರಿಂದ ಈ ಕಥೆ ನಮಗೆ ದೂರದ್ದಲ್ಲ.

ಕಟ್ಟಿನ ಶೇಕಡಾ 85 ಭಾಗವನ್ನು ಎಚ್ಚರಿಕೆ ಚಿತ್ರ ಆವರಿಸಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2014ರ ಅಕ್ಟೋಬರದಲ್ಲಿ ಅಧಿಸೂಚನೆ ಹೊರಡಿಸಿತು. ಅದು 2015ರ ಏಪ್ರಿಲ್ 1ರಿಂದ ಜಾರಿಯಾಗಬೇಕಿತ್ತು. ಸಂಸದೀಯ ಸಮಿತಿಯೊಂದು ತಡೆಯುವಂತೆ ಹೇಳಿದ್ದರಿಂದ ಮುಂದಕ್ಕೆ ಹೋಯಿತು. ಆ ಸಮಿತಿಯ ಸದಸ್ಯರಲ್ಲಿ ಒಬ್ಬರು ಸ್ವತಃ ದೊಡ್ಡ ಬೀಡಿ ಉದ್ಯಮಿಯಾಗಿದ್ದರೆಂಬುದು ಆಗ ಬೆಳಕಿಗೆ ಬಂತು. ಕೊನೆಗೆ ನಿಯಮ 2016ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ದೊಡ್ಡ ಸಿಗರೇಟು ಕಂಪೆನಿಗಳು ತಮ್ಮ ಕಾರ್ಖಾನೆಗಳನ್ನು ಸ್ವಲ್ಪ ಕಾಲ ಮುಚ್ಚಿದವು. ವ್ಯಾಜ್ಯಗಳು ಕರ್ನಾಟಕ ಹೈಕೋರ್ಟಿಗೆ ಬಂದವು. 2017ರ ಡಿಸೆಂಬರದಲ್ಲಿ ಹೈಕೋರ್ಟು ನಿಯಮವನ್ನು ರದ್ದುಪಡಿಸಿತು. 2018ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿದ್ದರಿಂದ ದೊಡ್ಡ ಚಿತ್ರಗಳು ಉಳಿದುಕೊಂಡವು.

ಈ ಇಡೀ ವಾದವಿವಾದದಲ್ಲಿ ಉದ್ಯಮದ ಕಡೆಯಿಂದ ಪದೇ ಪದೇ ಕೇಳಿಬಂದ ಮಾತು ‘ಬಡ ಬೀಡಿ ಕಾರ್ಮಿಕರ ಜೀವನೋಪಾಯ’. ಆ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಕೂಲಿ ಹೆಚ್ಚಳದ ಬೇಡಿಕೆ, ಭವಿಷ್ಯನಿಧಿಯ ತಕರಾರು, ತಂಬಾಕಿನ ಧೂಳು ಉಸಿರಿದ ಎದೆಯ ಕೆಮ್ಮು ಇವುಗಳ ಸುದ್ದಿ ಬಂದಾಗ ಅದೇ ಕಾರ್ಮಿಕಳಿಗೆ ಒಳಪುಟದ ಒಂದು ಕಾಲಮ್ಮು ಸಿಕ್ಕಿದರೆ ಹೆಚ್ಚು. ಉದ್ಯಮಕ್ಕೆ ಅಪಾಯ ಬಂದಾಗ ಅವಳ ಹೆಸರು ಮುಖಪುಟಕ್ಕೆ ಬರುತ್ತದೆ, ಅವಳಿಗೆ ಅಪಾಯ ಬಂದಾಗ ಬರುವುದಿಲ್ಲ. ಹಿತಾಸಕ್ತಿಯ ಅತ್ಯಂತ ಚತುರ ವಿಧಾನ ಇದುವೇ: ಬಲಿಷ್ಠನು ಬಡವರ ಬೆನ್ನ ಹಿಂದೆ ನಿಂತು ಮಾತನಾಡುವುದು.

ಅಮೆರಿಕದಲ್ಲಿಯೂ ಇದೇ ನಡೆದಿದೆ. ಧೂಮಪಾನ ಕ್ಯಾನ್ಸರಿಗೆ ಕಾರಣವೆಂದು ಅಲ್ಲಿನ ಸರಕಾರದ ಮುಖ್ಯ ವೈದ್ಯಾಧಿಕಾರಿಯ ವರದಿ 1964ರಲ್ಲಿಯೇ ಸಾರಿತು. ಆದರೂ ದೂರದರ್ಶನದಲ್ಲಿ ಸಿಗರೇಟು ಜಾಹೀರಾತು ನಿಂತದ್ದು 1971ರ ಆರಂಭದಲ್ಲಿ. 1998ರಲ್ಲಿ 46 ರಾಜ್ಯಗಳೊಡನೆ ತಂಬಾಕು ಕಂಪೆನಿಗಳು ಒಪ್ಪಂದ ಮಾಡಿಕೊಳ್ಳಬೇಕಾಗಿ ಬಂದಾಗ, ದಶಕಗಳ ಕಾಲ ಅವು ಸಂಶಯವನ್ನೇ ಸರಕಾಗಿ ಮಾರಿದುದಕ್ಕೆ ಅವುಗಳದೇ ಕಡತಗಳು ಸಾಕ್ಷಿಯಾದವು. ಸುಳ್ಳನ್ನು ಸತ್ಯವೆಂದು ಸಾಧಿಸಬೇಕಾದ ಅಗತ್ಯವಿಲ್ಲ, ಸತ್ಯದ ಬಗ್ಗೆ ಸಂಶಯ ಹುಟ್ಟಿಸಿದರೆ ಸಾಕು. ‘ಎರಡೂ ಕಡೆಯ ವಾದ’ ಎಂದು ಬರೆಯುವ ಪತ್ರಕರ್ತನ ಪ್ರಾಮಾಣಿಕತೆಯನ್ನೇ ಅವು ಬಳಸಿಕೊಂಡವು.

ಕ್ಯಾಮೆರಾದ ಎರಡು ಮುಖಗಳು

ಹಣದ ಹಿತಾಸಕ್ತಿಯ ಜೊತೆಗೆ ಸಿದ್ಧಾಂತದ ಹಿತಾಸಕ್ತಿಯೂ ಇದೆ. ಅದು ಕೇಳುವುದು ಪ್ರಚಾರವನ್ನು. ಇದರ ಎರಡು ದೃಷ್ಟಾಂತಗಳು ಮಂಗಳೂರಿನ ಹೆಸರನ್ನು ದೇಶದಾದ್ಯಂತ ಸುತ್ತಿಸಿದವು.

2009ರ ಜನವರಿ 24ರಂದು ನಗರದ ಪಬ್ ಒಂದಕ್ಕೆ ಶ್ರೀರಾಮ ಸೇನೆಯವರೆನ್ನಲಾದ ಯುವಕರು ನುಗ್ಗಿ ಯುವತಿಯರನ್ನು ಹೊಡೆದರು. ಘಟನೆಯ ಚಿತ್ರಗಳು ಆರಂಭದಿಂದಲೇ ಕ್ಯಾಮೆರಾಗಳಲ್ಲಿ ಸೆರೆಯಾಗಿದ್ದವು. ಮಾಧ್ಯಮದವರಿಗೆ ಮೊದಲೇ ಸುಳಿವು ಹೋಗಿತ್ತೆಂಬ ಮಾತು ಆಗಲೇ ವ್ಯಾಪಕವಾಗಿ ಕೇಳಿಬಂತು. ಆ ಚಿತ್ರಗಳು ದಿನಗಟ್ಟಲೆ ಮತ್ತೆ ಮತ್ತೆ ಪ್ರಸಾರವಾದವು. ನಾಡಿನ ಹೊರಗೆ ಅಷ್ಟೇನೂ ಪರಿಚಯವಿಲ್ಲದಿದ್ದ ಸಂಘಟನೆಯೊಂದು ಒಂದು ವಾರದೊಳಗೆ ದೇಶದ ಮನೆಮಾತಾಯಿತು. ಅದರ ಮುಖಂಡ ಪ್ರಮೋದ್ ಮುತಾಲಿಕ್ ಅವರನ್ನು 2014ರ ಮಾರ್ಚ್‌ನಲ್ಲಿ ಭಾರತೀಯ ಜನತಾ ಪಕ್ಷ ಸೇರಿಸಿಕೊಂಡು, ದೇಶದಾದ್ಯಂತ ಆಕ್ಷೇಪ ಎದ್ದಾಗ ಕೆಲವೇ ಗಂಟೆಗಳಲ್ಲಿ ಕೈಬಿಟ್ಟಿತು. ಪ್ರಚಾರವೇ ಬಂಡವಾಳವಾಗಿ ಅವರನ್ನು ಬಾಗಿಲವರೆಗೆ ತಂದಿತು, ಪ್ರಚಾರವೇ ಹೊರಗಟ್ಟಿತು. 2018ರ ಮಾರ್ಚ್‌ನಲ್ಲಿ ನ್ಯಾಯಾಲಯ ಸಾಕ್ಷ್ಯಾಧಾರಗಳ ಕೊರತೆಯಿಂದ ಆರೋಪಿಗಳನ್ನು ಬಿಡುಗಡೆ ಮಾಡಿತು. ಇಡೀ ದೇಶ ಕಣ್ಣಾರೆ ಕಂಡ ಘಟನೆ ನ್ಯಾಯಾಲಯದಲ್ಲಿ ಸಾಬೀತಾಗಲಿಲ್ಲ! ದೃಶ್ಯ ಎಲ್ಲರಿಗೂ ಸಿಕ್ಕಿತು, ನ್ಯಾಯ ಯಾರಿಗೂ ಸಿಗಲಿಲ್ಲ.

2012ರ ಜುಲೈ 28ರಂದು ಪಡೀಲಿನ ಹೋಂಸ್ಟೇ ಒಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಗುಂಪು ದಾಳಿ ನಡೆಯಿತು. ಅಲ್ಲಿಯೂ ಕ್ಯಾಮೆರಾ ಇತ್ತು. ಅಲ್ಲಿದ್ದ ವರದಿಗಾರ ನವೀನ್ ಸೂರಿಂಜೆ ತಾನು ಪೊಲೀಸರಿಗೆ ಕರೆ ಮಾಡಲು ಪ್ರಯತ್ನಿಸಿದ್ದೆನೆಂದು ಹೇಳಿದರು. ಅವರು ಪ್ರಸಾರಕ್ಕೆ ಕೊಟ್ಟ ದೃಶ್ಯಗಳಿಂದಲೇ ಆರೋಪಿಗಳ ಗುರುತು ಸಿಕ್ಕಿತು. ಆದರೂ ನವೆಂಬರ 7ರಂದು ಅವರನ್ನೇ ಬಂಧಿಸಲಾಯಿತು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದು, 2013ರ ಮಾರ್ಚ್‌ನಲ್ಲಿ ಹೈಕೋರ್ಟಿನ ಜಾಮೀನಿನ ಮೇಲೆ ಅವರು ಹೊರಬಂದರು. ಅವರ ಮೇಲಿನ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲು ಸರಕಾರ ಆಮೇಲೆ ನಿರ್ಧರಿಸಿತು. ದಾಳಿಯ ಮೊಕದ್ದಮೆಯಲ್ಲಿ ಉಳಿದ ಆರೋಪಿಗಳನ್ನು ಮಂಗಳೂರಿನ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ಖುಲಾಸೆಗೊಳಿಸಿತು.

ಈ ಎರಡು ಘಟನೆಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ‘ಕ್ಯಾಮೆರಾದವರೆಲ್ಲ ಹೀಗೆಯೇ’ ಎನ್ನುವುದು ಸುಲಭ, ಆದರೆ ಅನ್ಯಾಯ. ಕ್ಯಾಮೆರಾ ಇಲ್ಲದಿದ್ದರೆ ಹಿಂಸೆ ನಡೆಯುತ್ತಿರಲಿಲ್ಲವೇ ಎಂಬ ಪ್ರಶ್ನೆ ಮೊದಲ ಘಟನೆಗೆ ಹೊಂದುತ್ತದೆ. ಕ್ಯಾಮೆರಾ ಇಲ್ಲದಿದ್ದರೆ ಹಿಂಸೆ ನಡೆದುದೇ ತಿಳಿಯುತ್ತಿರಲಿಲ್ಲವಲ್ಲ ಎಂಬ ಮಾತು ಎರಡನೆಯದಕ್ಕೆ ಹೊಂದುತ್ತದೆ. ವರದಿಗಾರ ಸಾಕ್ಷಿಯೋ ಸಹಭಾಗಿಯೋ ಎಂಬುದನ್ನು ನಿರ್ಧರಿಸಬೇಕಾದದ್ದು ಅವನು ಅಲ್ಲಿದ್ದ ಎಂಬ ಒಂದೇ ಕಾರಣದಿಂದಲ್ಲ. ಅವನು ಯಾತಕ್ಕಾಗಿ ಹೋದ, ಅಲ್ಲಿ ಏನು ಮಾಡಿದ, ತಂದ ಚಿತ್ರವನ್ನು ಹೇಗೆ ಬಳಸಿದ ಎಂಬುದರಿಂದ. ಮುಖ ಮರೆಮಾಡದೆ ಪ್ರಸಾರವಾದ ಹುಡುಗಿಯರ ಚಿತ್ರಗಳ ವಿಷಯದಲ್ಲಿ ಮಾತ್ರ ಯಾವ ಸಮರ್ಥನೆಯೂ ಇಲ್ಲ. ದಾಳಿಕೋರರು ಅವರನ್ನು ಒಮ್ಮೆ ಅವಮಾನಿಸಿದರು, ಮರುಪ್ರಸಾರವು ಪ್ರತಿ ಗಂಟೆಗೊಮ್ಮೆ ಅವಮಾನಿಸಿತು. ನೋಡುತ್ತಾ ಕುಳಿತ ನಾವು ಆ ಗಂಟೆಗಳಿಗೆ ವೀಕ್ಷಕರ ಸಂಖ್ಯೆಯನ್ನು ಒದಗಿಸಿದೆವು.

ಅಂಗೈಯೊಳಗಿನ ಪತ್ರಿಕೆ

ಈಗ ಹಿತಾಸಕ್ತಿ ಗುಂಪುಗಳಿಗೆ ಪತ್ರಿಕೆಯ ಹಂಗು ಅಷ್ಟಾಗಿ ಇಲ್ಲ. ವಾಟ್ಸಾಪ್ ಮೂಲಕ ಅವು ನೇರವಾಗಿ ನಮ್ಮ ಅಂಗೈಗೆ ಬರುತ್ತವೆ. ಚುನಾವಣೆಯ ಸಮಯದಲ್ಲಿ ಹಂಚುವ ಒಂದು ಸಣ್ಣ ಕರಪತ್ರದ ಮೇಲೆಯೂ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಬೇಕೆಂದು ಪ್ರಜಾಪ್ರತಿನಿಧಿ ಕಾಯಿದೆಯ 127ಎ ಕಲಮು ಹೇಳುತ್ತದೆ. ಫಾರ್ವರ್ಡ್ ಆಗಿ ಬರುವ ಸಂದೇಶಕ್ಕೆ ಮುದ್ರಕನೂ ಇಲ್ಲ, ಪ್ರಕಾಶಕನೂ ಇಲ್ಲ. ಅದರ ಮೇಲೆ ಕಾಣುವ ಹೆಸರು ಒಂದೇ: ಅದನ್ನು ಕಳುಹಿಸಿದ ನಿಮ್ಮ ಸೋದರಮಾವನದೋ, ನೆರೆಮನೆಯವರದೋ. ಅವರ ಮೇಲಿನ ನಂಬಿಕೆಯನ್ನು ಯಾರೋ ಅಪರಿಚಿತರು ಪುಕ್ಕಟೆಯಾಗಿ ಬಳಸಿಕೊಳ್ಳುತ್ತಾರೆ. ಕಂಕನಾಡಿಯ ಮನೆಯಲ್ಲಿ ಕುಳಿತವರು ಕಳುಹಿಸಿದ್ದು ಕುವೈಟಿನ ಮಗನಿಗೆ ತಲಪಿ, ಅಲ್ಲಿಂದ ಇನ್ನೂ ಇಪ್ಪತ್ತು ಮಂದಿಗೆ ಹೋಗಲು ಒಂದು ನಿಮಿಷ ಸಾಕು.

ಅಮೆರಿಕದಲ್ಲಿ 1949ರಿಂದ 1987ರವರೆಗೆ ರೇಡಿಯೋ, ದೂರದರ್ಶನ ಕೇಂದ್ರಗಳು ವಿವಾದದ ವಿಷಯಗಳಲ್ಲಿ ಭಿನ್ನ ಅಭಿಪ್ರಾಯಗಳಿಗೂ ಜಾಗ ಕೊಡಬೇಕೆಂಬ ನಿಯಮವಿತ್ತು. ಅದು ಹೋದಮೇಲೆ ಒಂದೇ ಪಕ್ಷದ ಕೇಳುಗರಿಗಾಗಿ ಒಂದೇ ಧ್ವನಿಯ ಕಾರ್ಯಕ್ರಮಗಳು ಬೆಳೆದವು. 2010ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಕಂಪೆನಿಗಳು ಮತ್ತು ಕಾರ್ಮಿಕ ಸಂಘಗಳು ಚುನಾವಣಾ ಪ್ರಚಾರಕ್ಕಾಗಿ ಸ್ವತಂತ್ರವಾಗಿ ಮಾಡುವ ವೆಚ್ಚಕ್ಕೆ ಮಿತಿ ಹೇರಬಾರದೆಂದು ತೀರ್ಪಿತ್ತಿತು. ನಮ್ಮಲ್ಲಿ ನ್ಯಾಯಾಲಯ ಬೇರೊಂದು ಪ್ರಶ್ನೆಗೆ ಬೇರೆ ದಿಕ್ಕಿನಲ್ಲಿ ಉತ್ತರ ಕೊಟ್ಟಿದೆ. ಪಕ್ಷಗಳಿಗೆ ಯಾರು ಹಣ ಕೊಟ್ಟರೆಂಬುದನ್ನು ಜನರಿಂದ ಮರೆಮಾಡುತ್ತಿದ್ದ ಚುನಾವಣಾ ಬಾಂಡ್ ಯೋಜನೆಯನ್ನು 2024ರ ಫೆಬ್ರವರಿ 15ರಂದು ಭಾರತದ ಸರ್ವೋಚ್ಚ ನ್ಯಾಯಾಲಯ ಸಂವಿಧಾನಬಾಹಿರವೆಂದು ಸಾರಿತು. ಹಣ ಕೊಟ್ಟವರು ಯಾರೆಂದು ತಿಳಿಯುವುದು ಮತದಾರನ ಹಕ್ಕು ಎಂಬ ಈ ತತ್ವವನ್ನು ಸುದ್ದಿಗೂ ಅನ್ವಯಿಸಬೇಕಾದ ಕಾಲ ಬಂದಿದೆ.

ಓದುಗನ ಹೊಣೆ

ಇಷ್ಟೆಲ್ಲ ಓದಿದ ಮೇಲೆ ‘ಹಾಗಾದರೆ ಯಾವ ಪತ್ರಿಕೆಯನ್ನೂ ನಂಬಬಾರದೇ?’ ಎಂದು ನೀವು ಕೇಳಬಹುದು. ಎಲ್ಲವನ್ನೂ ನಂಬುವುದು ಎಷ್ಟು ತಪ್ಪೋ ಏನನ್ನೂ ನಂಬದಿರುವುದು ಅಷ್ಟೇ ತಪ್ಪು. ಯಾವುದನ್ನೂ ನಂಬದವನು ಕೊನೆಗೆ ತನಗೆ ಇಷ್ಟವಾದುದನ್ನೇ ನಂಬುತ್ತಾನೆ. ಹಿತಾಸಕ್ತಿಗಳಿಗೆ ಅಂತಹವನಿಗಿಂತ ಒಳ್ಳೆಯ ಗಿರಾಕಿ ಬೇರೆ ಇಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಸಾಮಾಜಿಕ ಸಂಪರ್ಕ ಸಾಧನಗಳ ಕುರಿತು ಹೊರಡಿಸಿದ ಆಜ್ಞಾಪತ್ರದಲ್ಲಿ ಬರೆಯುವವರ ಕರ್ತವ್ಯವನ್ನು ಮಾತ್ರವಲ್ಲ, ಓದುವ, ನೋಡುವ, ಕೇಳುವವರ ಕರ್ತವ್ಯವನ್ನೂ ಪ್ರತ್ಯೇಕವಾಗಿ ಹೇಳಿದೆ. ನಮ್ಮ ಆಯ್ಕೆಯೂ ಒಂದು ನೈತಿಕ ಕ್ರಿಯೆ ಎಂಬುದು ಅದರ ಅರ್ಥ.

ಕುಟುಂಬದಲ್ಲಿಯೂ ವಾಳೆಯ ಸಭೆಯಲ್ಲಿಯೂ ಮಾಡಬಹುದಾದ ಕೆಲವು ಕಾರ್ಯಗಳಿವೆ. ಒಂದು, ಯಾವುದೇ ದೊಡ್ಡ ಸುದ್ದಿ ಓದಿದಾಗ ಮೂರು ಪ್ರಶ್ನೆಗಳನ್ನು ಕೇಳಿ: ಇದರಿಂದ ಯಾರಿಗೆ ಲಾಭ? ಇದರಲ್ಲಿ ಯಾರ ಮಾತು ಕೇಳಿಸುತ್ತಿಲ್ಲ? ಇದನ್ನು ಹೇಳಿದವರ ಹೆಸರಿದೆಯೇ? ಎರಡು, ಒಂದೇ ಘಟನೆಯನ್ನು ವಾರಕ್ಕೊಮ್ಮೆಯಾದರೂ ಎರಡು ಪತ್ರಿಕೆಗಳಲ್ಲಿ ಓದಿ, ಮಕ್ಕಳೊಡನೆ ವ್ಯತ್ಯಾಸವನ್ನು ಚರ್ಚಿಸಿ. ಮೂರು, ಮೂಲ ತಿಳಿಯದ ಸಂದೇಶ ನಿಮ್ಮಲ್ಲಿಯೇ ನಿಲ್ಲಲಿ. ಅದು ನಮ್ಮ ಸಮುದಾಯದ ಪರವಾಗಿದ್ದರೂ ನಿಲ್ಲಲಿ. ನಾಲ್ಕು, ಒಳ್ಳೆಯ ವರದಿ ಕಂಡಾಗ ಸಂಪಾದಕರಿಗೆ ನಾಲ್ಕು ಸಾಲು ಬರೆಯಿರಿ. ಬೈಯುವ ಪತ್ರಗಳು ಅವರಿಗೆ ಧಾರಾಳವಾಗಿ ತಲಪುತ್ತವೆ. ಜಾಹೀರಾತುದಾರನ ಕೋಪವನ್ನು ಎದುರಿಸಿ ಬರೆದ ವರದಿಗಾರನಿಗೆ ಓದುಗನ ಪತ್ರವೇ ಕವಚ. ಐದು, ನೀವು ಮೆಚ್ಚುವ ಪತ್ರಿಕೆಗೆ ಚಂದಾ ಕಟ್ಟಿ ಓದಿ. ನೆರೆಮನೆಯಿಂದ ತಂದು ಓದಿ ಪತ್ರಿಕೆಗಳ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡುವುದು ಸಲ್ಲದು.

ನೂರ ಎಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಊರಿನಲ್ಲಿ ಕಲ್ಲಿನ ಮೇಲೆ ಅಕ್ಷರ ಮೂಡಿಸಿ ಕನ್ನಡದ ಮೊದಲ ಪತ್ರಿಕ��ಯನ್ನು ಅಚ್ಚುಹಾಕಿದರು. ಓದುಗರ ಷೇರಿನಿಂದ ಪತ್ರಿಕೆ ನಡೆಸುವ ಧೈರ್ಯವನ್ನು ಮಾಡಿದ್ದೂ ಇದೇ ಊರು. ಹಿತಾಸಕ್ತಿಗಳು ನಾಳೆಯೂ ಇರುತ್ತವೆ, ಅವುಗಳಿಗೆ ಹಣವೂ ಇರುತ್ತದೆ. ನಾವು ಕೊಡಬೇಕಾದ ಬೆಲೆಯನ್ನು ನಾವು ಕೊಡದಿದ್ದರೆ ಅವರು ಕೊಡುತ್ತಾರೆ, ಮತ್ತು ಕೊಟ್ಟವರ ಮಾತೇ ನಡೆಯುತ್ತದೆ. ಮುಂದಿನ ಚುನಾವಣೆ ಬರುವ ಮೊದಲು ಪ್ರತಿಯೊಂದು ಮನೆಯಲ್ಲಿಯೂ ಈ ವಿಷಯ ಒಮ್ಮೆ ಊಟದ ಮೇಜಿನ ಸುತ್ತ ಚರ್ಚೆಯಾಗಲಿ ಎಂಬುದು ನನ್ನ ವಿನಂತಿ.